ಮರಳುಗಾಡಿಗೊಂದು ಹಂದರ

ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಮರದ ಬೇಲಿ. ಬೇಲಿಯ ಮೇಲೆ ಬಾಗಿದ ಫೀಜೋವಾ ಗಿಡ ಅವರದು, ಉದುರಿದ ಹಣ್ಣಿನಲ್ಲಿ ಅರ್ಧ ನಮ್ಮದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಬಗ್ಗಿ, ಪೇರಲದ ದೂರದ ನೆಂಟನಂತಿರುವ ಆ ಹಣ್ಣನ್ನು ಬಕೆಟ್ಟಿಗೆ ಆರಿಸಿ ಹಾಕುತ್ತಿದ್ದಾಗ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ತಲೆ ಚಾಚಿ ಕೇಳಿದಳು:

"ಆಗಸ್ಟ್ ಕೊನೆಯಲ್ಲಿ ನಿನಗೆ ರಜೆ ಸಿಗುತ್ತಾ? ನನ್ನ ಜೊತೆ ಮರಳುಗಾಡಿಗೆ ಬರ್ತೀಯಾ?"

ಆಕೆಗೆ ಎಪ್ಪತ್ತರ ಹತ್ತಿರ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಗ್ಯಾರೇಜಿನಲ್ಲಿ ಕಾರು ನಿಲ್ಲಿಸದೆ ವೆಲ್ಡಿಂಗ್ ಯಂತ್ರ ಇಟ್ಟುಕೊಂಡಿದ್ದಳು. ಅಮೆರಿಕದಲ್ಲಿ ಬತ್ತಿಹೋದ ಸರೋವರವೊಂದರ ತಳದಲ್ಲಿ ವರ್ಷಕ್ಕೊಮ್ಮೆ ಜನ ಸೇರಿ, ಡೇರೆ ಹಾಕಿಕೊಂಡು, ದೊಡ್ಡ ದೊಡ್ಡ ಕಲಾಕೃತಿ ಕಟ್ಟಿ ವಾರವಿಡೀ ಇರುತ್ತಾರಂತೆ. ಅಲ್ಲಿ ಅಂಗಡಿ ಇಲ್ಲ, ನಲ್ಲಿ ಇಲ್ಲ, ನೆರಳೂ ಇಲ್ಲ. ಬೇಕಾದ್ದನ್ನೆಲ್ಲ ನಾವೇ ಹೊತ್ತುಕೊಂಡು ಹೋಗಬೇಕು. ಅಲ್ಲಿಯ ಜನರಿಗಾಗಿ ಏನಾದರೂ ಉಡುಗೊರೆ ಒಯ್ದರೆ ಒಳ್ಳೆಯದು. ಅವಳಿಗೂ ಅದು ಮೊದಲ ಸಲ. ಜೊತೆಗೆ ಬರಬೇಕಿದ್ದ ಗೆಳತಿ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಒಂದು ಟಿಕೆಟ್ ಉಳಿದಿತ್ತು.

ನಾನು ಬಕೆಟ್ ಕೆಳಗಿಟ್ಟು "ಬರ್ತೀನಿ" ಅಂದುಬಿಟ್ಟೆ.

ಯಾಕೆ ಹಾಗಂದೆನೋ ಈಗಲೂ ಸರಿಯಾಗಿ ಹೇಳಲಾರೆ. ನಲವತ್ತಾರು ವರ್ಷದವಳು, ಆಸ್ಪತ್ರೆಯಲ್ಲಿ ನರ್ಸ್. ಡೇರೆಯಲ್ಲಿ ಮಲಗಿದವಳಲ್ಲ, ಕಾಡುಮೇಡು ಸುತ್ತಿದವಳೂ ಅಲ್ಲ. ಫೆಬ್ರವರಿಯಲ್ಲಿ ಮಗಳು ಓದಲಿಕ್ಕೆಂದು ಡನೀಡಿನ್‌ಗೆ ಹೋದ ಮೇಲೆ ಮನೆ ತುಂಬಾ ನಿಶ್ಶಬ್ದವಾಗಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥದ್ದೊಂದನ್ನು ನನ್ನ ಹತ್ತಿರ ಯಾರೂ ಯಾವತ್ತೂ ಕೇಳಿರಲಿಲ್ಲ. ಡ್ಯೂಟಿ ರೋಸ್ಟರ್ ಬದಲಾಯಿಸಿಕೊಳ್ತೀರಾ, ಹಬ್ಬಕ್ಕೆ ಪುಳಿಯೋಗರೆ ಮಾಡಿ ತರ್ತೀರಾ ಎಂದು ಕೇಳಿದವರು ಬಹಳ ಮಂದಿ. ಮರಳುಗಾಡಿಗೆ ಬರ್ತೀಯಾ ಎಂದು ಕೇಳಿದವಳು ಇವಳೊಬ್ಬಳೇ.

ಸಂಜೆ ಗಂಡನಿಗೆ ಹೇಳಿದೆ. ಅವರು ಮೈಸೂರಿನವರು, ನಾನು ರಾಯಚೂರಿನವಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮನೆಯಲ್ಲಿ ಎರಡು ಥರದ ಕನ್ನಡ ಓಡಾಡುತ್ತಿತ್ತು.

"ಏನು, ಧೂಳು ಬಿಸಿಲು ನೋಡೋಕೆ ಅಮೆರಿಕಕ್ಕೆ ಹೋಗ್ತೀಯಾ? ಮೇ ತಿಂಗಳಲ್ಲಿ ನಿನ್ನ ತವರಿಗೆ ಹೋದ್ರೆ ಸಾಕಲ್ವೇನೇ?" ಎಂದರು.

"ರಾಯಚೂರಾಗ ಡ್ಯಾನ್ಸ್ ಮಾಡಿದ್ರ ಮಂದಿ ನೋಡ್ತಾರ್ರೀ. ಅಲ್ಲಿ ಯಾರೂ ನೋಡಂಗಿಲ್ಲಂತ."

"ನೀನು ಡ್ಯಾನ್ಸ್ ಮಾಡ್ತೀಯಾ?"

"ಗೊತ್ತಿಲ್ರೀ. ಹೋಗಿ ನೋಡಬೇಕು."

ಅವರು ನಕ್ಕರು. "ಮಂಡಿನೋವು ಇಟ್ಕೊಂಡು ನಾನಂತೂ ಬರಲ್ಲ ಕಣೇ" ಎಂದು ಮೊದಲೇ ಹೇಳಿ ಕೈತೊಳೆದುಕೊಂಡರು. ನಾನು ಅವರನ್ನು ಕರೆದೇ ಇರಲಿಲ್ಲ.

ತಯಾರಿ ಶುರುವಾಗುವ ಹೊತ್ತಿಗೆ ಆಕ್ಲೆಂಡಿನಲ್ಲಿ ಮಳೆಗಾಲದಂಥ ಚಳಿಗಾಲ. ಸುಡುವ ಬಿಸಿಲಿಗಾಗಿ ನಾವು ಸಿದ್ಧವಾಗಬೇಕಾದದ್ದು ಕೊಡೆ ಹಿಡಿದುಕೊಂಡು. ಒಂದು ಶನಿವಾರ ನಮ್ಮ ಹಿತ್ತಿಲಲ್ಲಿ ಡೇರೆ ಹಾಕಿ ನೋಡೋಣ ಎಂದು ನಿರ್ಧರಿಸಿದೆವು. ಗಂಡ ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತರು. ಕೋಲುಗಳನ್ನು ಜೋಡಿಸಿ, ಬಟ್ಟೆ ಏರಿಸಿ, ಗೂಟ ಬಡಿದು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವರು ಕಿಟಕಿ ತೆರೆದು ಕೂಗಿದರು: "ಬಾಗಿಲು ಎಲ್ಲಿದೆ?"

ಬಾಗಿಲು ಬೇಲಿಗೆ ಅಂಟಿಕೊಂಡಿತ್ತು. ಪಕ್ಕದ ಮನೆಯಾಕೆ ಬೇಲಿಗೂ ಡೇರೆಗೂ ನಡುವೆ ಅಡ್ಡಡ್ಡ ನುಸುಳಿ ಒಳಗೆ ಹೋದಳು, ಅವಳ ಹಿಂದೆ ನಾನು. ಅಷ್ಟರಲ್ಲಿ ಮಳೆ ಜೋರಾಯಿತು. ಹೊರಬರಲಾಗದೆ ಅಲ್ಲೇ ಕೂತು, ಅವಳ ಫ್ಲಾಸ್ಕಿನ ಚಹಾ ಕುಡಿದು, ನಾನು ಬಚ್ಚಿಟ್ಟುಕೊಂಡು ಬಂದಿದ್ದ ಚಕ್ಕುಲಿ ತಿಂದೆವು. ಇಷ್ಟು ವರ್ಷ ಬೇಲಿಯ ಆಚೀಚೆ ನಿಂತು ಹವಾಮಾನದ ಬಗ್ಗೆ ಮಾತಾಡಿದ್ದೆವೇ ಹೊರತು ಒಟ್ಟಿಗೆ ಕೂತಿರಲಿಲ್ಲ. ಅವತ್ತು ಅವಳು ತೀರಿಹೋದ ಗಂಡನ ವಿಷಯ ಹೇಳಿದಳು. ಅವನಿಗೆ ಮನೆಯ ಹಾಸಿಗೆ ಬಿಟ್ಟು ಬೇರೆಲ್ಲೂ ನಿದ್ದೆ ಬರುತ್ತಿರಲಿಲ್ಲವಂತೆ. "ನಲವತ್ತು ವರ್ಷ ಅವನ ನಿದ್ದೆಗೆ ಕಾವಲಿದ್ದೆ. ಈಗ ಅವನು ಚೆನ್ನಾಗಿ ಮಲಗಿದ್ದಾನೆ. ನಾನು ಹೊರಡಬಹುದು" ಎಂದು ಚಕ್ಕುಲಿ ಮುರಿದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನೋಡಿದೆ. ಎರಡೂ ಸ್ವಲ್ಪ ಸ್ವಲ್ಪ ಇತ್ತು.

ಉಡುಗೊರೆಯಾಗಿ ಏನು ಒಯ್ಯುವುದು ಎಂಬ ಮಾತು ಬಂತು. ಅವಳಿಗೆ ಕಬ್ಬಿಣದಲ್ಲಿ ದೊಡ್ಡದೊಂದು ಹಕ್ಕಿ ಮಾಡುವ ಆಸೆ. ವಿಮಾನದಲ್ಲಿ ಕಬ್ಬಿಣದ ಹಕ್ಕಿ ಹೇಗೆ ಒಯ್ಯುತ್ತೀ ಎಂದೆ. ಆಮೇಲೆ ನನಗೇ ಹೊಳೆಯಿತು: ನೆರಳಿಲ್ಲದ ಕಡೆ ನೆರಳೇ ಉಡುಗೊರೆ. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಮನೆ ಮುಂದೆ ಹಂದರ ಹಾಕುತ್ತಿದ್ದರು. ದಾರಿಯಲ್ಲಿ ಹೋಗುವವರೂ ಕೆಳಗೆ ಬಂದು ಕೂತು, ನೀರು ಕುಡಿದು ಹೋಗುತ್ತಿದ್ದರು. ಅಂಥದ್ದನ್ನೇ ಹಳೆಯ ಸೀರೆಗಳಲ್ಲಿ ಕಟ್ಟಿದರೆ? ಹಗುರ, ಮಡಚಬಹುದು, ಬಣ್ಣಕ್ಕೂ ಕೊರತೆಯಿಲ್ಲ. ಅವಳು ಚಹಾದ ಲೋಟ ಕೆಳಗಿಟ್ಟು "ಡಿಯರ್, ಹಕ್ಕಿ ಬೇಡ" ಎಂದಳು.

ಸೀರೆಗಳಿಗೆ ಕಷ್ಟವೇನೂ ಇರಲಿಲ್ಲ. ಹತ್ತಿರದ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ನಾನು ಬೇಳೆ, ಕರಿಬೇವು ತರುವ ಅಂಗಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಆಂಟಿಯೊಬ್ಬರಿಗೆ ಹೇಳಿದೆ. ಅವರಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಮುಂದಿನ ವಾರ ಹೋದಾಗ ಗಲ್ಲಾದ ಹಿಂದೆ ಸೀರೆಯ ಚೀಲಗಳ ರಾಶಿ. ಆಂಟಿ ನನ್ನನ್ನು ಅಕ್ಕಿ ಮೂಟೆಗಳ ಕಡೆ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ಕೇಳಿದರು:

"ಅಲ್ಲಮ್ಮಾ, ಅಲ್ಲಿ ಜನ ಬಟ್ಟೇನೇ ಹಾಕ್ಕೊಳ್ಳಲ್ವಂತೆ? ನನ್ನ ಮಗ ಫೋನಲ್ಲಿ ತೋರಿಸ್ದ."

"ಅದಕ್ಕss ಸೀರಿ ಒಯ್ಯಾಕತ್ತೀನಿ ಆಂಟಿ" ಎಂದೆ.

ಅವರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ ಉಪ್ಪಿನಕಾಯಿ ಆರಿಸುತ್ತಿದ್ದವರು ತಿರುಗಿ ನೋಡಿದರು. ಬಿಲ್ ಮಾಡುವಾಗ ಅವರೇ ಒಳಗಿನಿಂದ ಇನ್ನೊಂದು ಕವರ್ ತಂದುಕೊಟ್ಟರು. ಅರಿಶಿನ ಬಣ್ಣದ, ಕೆಂಪಂಚಿನ ಇಳಕಲ್ ಸೀರೆ. "ಇದು ಚೆನ್ನಾಗೇ ಇದೆ. ಆದ್ರೆ ನಾನು ಇನ್ಮೇಲೆ ಎಲ್ಲಿ ಉಡ್ತೀನಿ? ಅದಾದ್ರೂ ಊರು ಸುತ್ತಿ ಬರ್ಲಿ" ಎಂದರು.

ಇದೆಲ್ಲ ಮಗಳಿಗೆ ಗೊತ್ತಾದದ್ದು ಜೂನ್ ಕೊನೆಯಲ್ಲಿ, ರಜೆಗೆಂದು ಮನೆಗೆ ಬಂದಾಗ. ಹಾಲ್ ತುಂಬ ಹರಡಿದ ಸೀರೆಗಳ ಮಧ್ಯೆ ಅಮ್ಮ ಧೂಳು ತಡೆಯುವ ಕನ್ನಡಕ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಮಗಳು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಅಮ್ಮಾ. ನೋ."

"ಯಾಕ?"

"ಯು ಕಾಂಟ್ ಈವನ್ ಹ್ಯಾಂಡಲ್ ಎ ಬಾರ್ಬೆಕ್ಯೂ ವಿದೌಟ್ ಗೋಯಿಂಗ್ ಹೋಮ್ ಟು ಪೀ!"

ಯಾರ ಮನೆಗೆ ಬಾರ್ಬೆಕ್ಯೂ ಊಟಕ್ಕೆ ಹೋದರೂ ಮೂತ್ರಕ್ಕೆ ನಾನು ಮನೆಗೇ ಓಡಿಬರುತ್ತಿದ್ದೆ, ಮಾತು ಸುಳ್ಳೇನೂ ಆಗಿರಲಿಲ್ಲ. ಅವಳು ಸೋಫಾದ ಮೇಲೆ ಕೂತು, ನಾನು ಅವಳನ್ನು ಶಾಲೆಯ ಕ್ಯಾಂಪಿಗೆ ಕಳಿಸುವಾಗ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೆ ಕೇಳಿದಳು. ಯಾರ ಜೊತೆ, ಅಲ್ಲಿ ಫೋನ್ ಸಿಗುತ್ತಾ, ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ. ಅವಳ ಅಪ್ಪ ಪೇಪರಿನ ಹಿಂದೆ ಕೂತು ಸುಖಪಡುತ್ತಿದ್ದರು. ಕೊನೆಗೆ ನಾನು ಹೇಳಿದೆ: "ನಾ ನರ್ಸ್ ಅದೀನವ್ವ. ಹುಷಾರು ತಪ್ಪಿದವರನ್ನ ನೋಡ್ಕೊಳ್ಳಾಕಿ ನಾನss." ಅವಳು ರಾತ್ರಿಯೂಟಕ್ಕೆ ಮುಂಚೆಯೇ ಸೀರೆಯ ಅಂಚಿಗೆ ಹಗ್ಗ ಕಟ್ಟಲು ರಂಧ್ರ ಮಾಡುತ್ತ ಕೂತಿದ್ದಳು. ತಾನು ಒಪ್ಪಿಲ್ಲ ಎಂದು ಮಾತ್ರ ಆಗಾಗ ನೆನಪಿಸುತ್ತಿದ್ದಳು.

ಹಂದರವನ್ನು ಗಾಳಿಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಪಶ್ಚಿಮ ಕರಾವಳಿಯಲ್ಲಿ ಕಪ್ಪು ಮರಳಿನ ಕಡಲತೀರಗಳಿವೆ. ಅಲ್ಲಿಯ ಗಾಳಿಗೆ ನಿಂತದ್ದು ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂದಳು ಪಕ್ಕದ ಮನೆಯಾಕೆ. ಒಂದು ಭಾನುವಾರ ಮಳೆ ಬಿಡುವು ಕೊಟ್ಟಿತು. ಅವಳ ಹಳೆಯ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೊಳವೆ, ಹಗ್ಗ, ಸೀರೆ ಹೇರಿಕೊಂಡು ನಾವು ಮೂವರು ಹೆಂಗಸರು ಹೋದೆವು. ಸೀರೆಗಳನ್ನೆಲ್ಲ ನಾನು ಒಂದಕ್ಕೊಂದು ಅಂಚಿಗೆ ಅಂಚು ಕೂಡಿಸಿ ಒಂದೇ ಚಾದರದಂತೆ ಹೊಲಿದಿದ್ದೆ. ಅದನ್ನು ಎಳೆದು ಬಿಗಿದು ಕಟ್ಟಿದಾಗ ಎಷ್ಟು ಚೆನ್ನಾಗಿ ಕಂಡಿತೆಂದರೆ, ಕಪ್ಪು ಮರಳಿನ ಮೇಲೆ ಕೆಂಪು, ಹಸಿರು, ನೇರಳೆ ನೆರಳು ಬಿದ್ದು, ನಾಯಿ ಕರೆದುಕೊಂಡು ಹೋಗುತ್ತಿದ್ದವರು ನಿಂತು ಫೋಟೋ ತೆಗೆದರು.

ಅಷ್ಟರಲ್ಲಿ ಹಿಂದಿನ ಗುಡ್ಡಗಳ ಕಡೆಯಿಂದ ಗಾಳಿ ಬೀಸಿತು. ಹಂದರ ಹೊಟ್ಟೆ ಉಬ್ಬಿಸಿತು. ಗೂಟಗಳು ಮರಳಿನಿಂದ ಒಂದೊಂದೇ ಕಿತ್ತುಬಂದವು. ಪಕ್ಕದ ಮನೆಯಾಕೆ ಒಂದು ಕೊಳವೆಯನ್ನು ತಬ್ಬಿಕೊಂಡಳು, ನಾನು ಹಗ್ಗ ಹಿಡಿದು ಎರಡು ಹೆಜ್ಜೆ ಹಾರಿ ಬಿದ್ದೆ. ಹೊಲಿಗೆ ಪರ್ ಎಂದು ಹರಿದು, ಆಂಟಿಯ ಇಳಕಲ್ ಸೀರೆ ಬಿಡಿಸಿಕೊಂಡು ನೀರಿನ ಕಡೆ ಹಾರಿಯೇ ಹೋಯಿತು.

"ಅಯ್ಯೋ, ಆಂಟಿ ಸೀರೆ! ಹಿಡೀರೋ ಯಾರಾದ್ರೂ!" ಎಂದು ಕೂಗಿದವಳು ನನ್ನ ಮಗಳು. ಅಪ್ಪಟ ಕನ್ನಡದಲ್ಲಿ, ಆ ಕಡಲತೀರದಲ್ಲಿ ಯಾರಿಗೂ ಅರ್ಥವಾಗದ ಹಾಗೆ. ಕೂಗುತ್ತಲೇ ಓಡಿದಳು. ನೀರಿನಲ್ಲಿ ಅಲೆಗಳ ಮೇಲೆ ಸವಾರಿ ಮಾಡುತ್ತಿದ್ದ ಸರ್ಫರ್ ಒಬ್ಬ, ತನ್ನ ತಲೆಯ ಮೇಲಿಂದ ಹಾರಿ ಮುಂದೆ ಬಿದ್ದ ಅರಿಶಿನ ಬಣ್ಣದ ಉದ್ದನೆಯ ವಸ್ತುವನ್ನು ಕೈಗೆ ಸುತ್ತಿಕೊಂಡು, ಹಲಗೆಯ ಮೇಲೆ ಹೊಟ್ಟೆ ಹಾಕಿ ಮಲಗಿ ದಡಕ್ಕೆ ಬಂದ. "ಇದು ನಿಮ್ಮದಿರಬೇಕು" ಎಂದು ಬಹಳ ಮರ್ಯಾದೆಯಿಂದ ಕೊಟ್ಟ. ಮಗಳು ಕೆಂಪಾಗಿ, ಥ್ಯಾಂಕ್ಸ್ ಎನ್ನುವುದನ್ನೂ ಮರೆತು ಬಂದಳು.

ಮೂವರೂ ಮರಳಿನ ಮೇಲೆ ಬಿದ್ದುಕೊಂಡು ನಕ್ಕೆವು. ಪಕ್ಕದ ಮನೆಯಾಕೆಯ ಅಂಗೈ ತರಚಿತ್ತು; ನಾನು ತೊಳೆದು ಬ್ಯಾಂಡೇಜ್ ಸುತ್ತಿದೆ. ಆಗ ಮಗಳು, ಒದ್ದೆ ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ಗಾಳಿಗೆ ಒಡ್ಡಿ ನಿಂತವಳು, ಹೇಳಿದಳು: ಹೊಲಿಯಬೇಡ, ಒಂದೊಂದನ್ನೂ ಬೇರೆಬೇರೆ ಕಟ್ಟು, ನಡುವೆ ಸಂದಿ ಬಿಡು, ಗಾಳಿ ಬಂದು ಹೋಗಲಿ. ಪಕ್ಕದ ಮನೆಯಾಕೆ ಗೂಟಗಳ ಬದಲು ದಪ್ಪ ಕಬ್ಬಿಣದ ಸರಳುಗಳನ್ನು ಅಲ್ಲೇ ಅಮೆರಿಕದಲ್ಲಿ ಕೊಳ್ಳೋಣ ಎಂದಳು. ಮನೆಗೆ ಬಂದು ನಾನು ಅಷ್ಟೂ ಹೊಲಿಗೆ ಬಿಚ್ಚಿದೆ. ಗಂಡ, ಯಾರೂ ಹೇಳದೆ, ಪಕ್ಕದಲ್ಲಿ ಕೂತು ದಾರದ ತುಂಡುಗಳನ್ನು ಕಿತ್ತರು.

ಹೊರಡುವ ದಿನ ಡನೀಡಿನ್‌ನಿಂದ ಮಗಳ ಫೋನು. ನೀರು ಕುಡಿ, ಅಪರಿಚಿತರು ಕೊಟ್ಟದ್ದನ್ನು ಕುಡಿಯಬೇಡ, ಕಾಲಿಗೆ ಸಾಕ್ಸ್ ಹಾಕು. ಕೊನೆಗೆ "ಹ್ಯಾವ್ ಫನ್, ಅಮ್ಮ" ಎಂದಳು.

ನಾನು ಮರಳುಗಾಡು ಎನ್ನುತ್ತಿದ್ದ ಆ ಜಾಗದಲ್ಲಿ ಮರಳೇ ಇರಲಿಲ್ಲ. ಒಣಗಿ ಬಿರುಕುಬಿಟ್ಟ ಬಿಳಿ ನೆಲ, ಗೋಧಿ ಹಿಟ್ಟಿಗಿಂತ ನುಣ್ಣಗಿನ ಧೂಳು. ಬಂದ ಮಧ್ಯಾಹ್ನವೇ ಸರಳು ಬಡಿಯತೊಡಗಿದೆವು. ನಾಲ್ಕೈದು ಬಡಿತಕ್ಕೇ ಪಕ್ಕದ ಮನೆಯಾಕೆ ಸುತ್ತಿಗೆ ಊರಿ ನಿಲ್ಲುತ್ತಿದ್ದಳು. ಸುತ್ತಿಗೆ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಹಾಗಾಗಿ ನಾನು ಸರಳು ಹಿಡಿದೆ, ಅವಳು ಬಡಿದಳು. ದಣಿದಾಗ ನಿಂತೆವು, ಮತ್ತೆ ಶುರು ಮಾಡಿದೆವು. ಕೊನೆಯ ಸೀರೆ ಕಟ್ಟುವ ಹೊತ್ತಿಗೆ ದಿಗಂತ ಬೆಳ್ಳಗಾಗಿ, ಧೂಳಿನ ಗೋಡೆಯೊಂದು ನಮ್ಮ ಕಡೆ ನಡೆದು ಬಂತು. ಕನ್ನಡಕ ಎಳೆದುಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ನೆಲಕ್ಕೆ ಕೂತೆವು. ಏನೂ ಕಾಣಿಸುತ್ತಿರಲಿಲ್ಲ. ತಲೆಯ ಮೇಲೆ ಸೀರೆಗಳು ಪಟಪಟ ಹೊಡೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು. ಆ ಸದ್ದು ಕೇಳುತ್ತಿರುವವರೆಗೆ ಸರಿ, ನಿಂತರೆ ಹೋಯಿತು ಎಂದು ಕಿವಿಗೊಟ್ಟು ಕೂತಿದ್ದೆ.

ಸದ್ದು ನಿಲ್ಲಲಿಲ್ಲ. ಗಾಳಿ ತಗ್ಗಿ ಬೆಳಕು ಮರಳಿದಾಗ ಹಂದರ ಹಾಗೇ ಇತ್ತು. ಕೆಳಗೆ ನಾವಿಬ್ಬರೇ ಇರಲಿಲ್ಲ. ಬಿರುಗಾಳಿಯಲ್ಲಿ ದಾರಿ ಕಾಣದೆ, ಸೈಕಲ್ ತಳ್ಳಿಕೊಂಡು ಬಂದ ಹೆಂಗಸೊಬ್ಬಳು ಅಂಚಿನಲ್ಲಿ ಮುದುಡಿ ಕೂತಿದ್ದಳು. ಹುಬ್ಬು ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ನೀರು ಕೊಟ್ಟೆ. ಗಟಗಟ ಕುಡಿದು, "ಇಲ್ಲಿ ಸ್ವಲ್ಪ ಮಲಗಬಹುದಾ?" ಎಂದು ಕೇಳಿದಳು.

"ಮಲಕ್ಕೋ" ಎಂದೆ, ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು. ತಲೆಯ ಕೆಳಗೆ ಚೀಲ ಇಟ್ಟುಕೊಂಡು ಅಡ್ಡಾದಳು. ಪಕ್ಕದ ಮನೆಯಾಕೆ ಸುತ್ತಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಬೂಟು ಕಳಚಿ, ತಾನೂ ಆಚೆ ತುದಿಯಲ್ಲಿ ಮಲಗಿದಳು. ಇಬ್ಬರಿಗೂ ನಿದ್ದೆ ಹತ್ತಿತು. ನಾನು ಎಚ್ಚರವಾಗಿದ್ದು, ಧೂಳಿನ ಮೇಲೆ ಬಿದ್ದ ಬಣ್ಣಗಳು ನಿಧಾನವಾಗಿ ಪಕ್ಕಕ್ಕೆ ಸರಿಯುವುದನ್ನು ನೋಡುತ್ತಿದ್ದೆ.