ಡೆಲ್ಫೀನ ತೇಲಿಬಿಟ್ಟ ಕಿತ್ತಳೆ

ಕಡಲ ದಂಡೆಯ ನಮ್ಮೂರು ಪೊಳಿಕ್ಕರದಲ್ಲಿ ಡಾಕ್ಟರಾದವಳು ಒಬ್ಬಳೇ, ತೆಕ್ಲಮ್ಮನ ಮಗಳು ಡೆಲ್ಫೀನ. ಆದರೆ ಜ್ವರಕ್ಕೆ ಅವಳ ಹತ್ತಿರ ಮಾತ್ರೆ ಇಲ್ಲ. ಕಡಲು ಎಲ್ಲಿಯ ಮರಳನ್ನು ಕದ್ದು ಎಲ್ಲಿ ಒಯ್ದು ಹಾಕುತ್ತದೆ ಎಂದು ನೋಡುವುದು ಅವಳ ಕೆಲಸ. ಕೊಚ್ಚಿಯಲ್ಲಿ ಓದಿದಳು, ಸಂಶೋಧನೆಯ ಹಡಗಿನಲ್ಲಿ ವರ್ಷಗಟ್ಟಲೆ ವಾಂತಿ ಮಾಡಿಕೊಂಡೇ ನೀರು ಅಳೆದಳು, ಕೊನೆಗೆ ವಿಜ್ಞಾನಿ ಎನಿಸಿಕೊಂಡಳು. ಇದಕ್ಕೆಲ್ಲ ಸರಕಾರ ಸಂಬಳ ಕೊಡುತ್ತದೆ ಎಂದರೆ ನನ್ನ ಚಹಾದಂಗಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನಂತೂ ಯಾವುದನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ.

ಕಳೆದ ಮಳೆಗಾಲದಲ್ಲಿ ಕಡಲು ದಂಡೆಯನ್ನು ತಿನ್ನತೊಡಗಿತು. ಕಲ್ಲಿನ ತಡೆಗೋಡೆ ಒಂದೇ ಕಡೆ ಹಾಕುತ್ತೇವೆ, ಪೊಳಿಕ್ಕರ ಇಲ್ಲವೇ ಪಕ್ಕದ ತೆಕ್ಕೇಕರ ಎಂದಿತು ಸರಕಾರ. ಎಲ್ಲಿ ಎಂದು ಹೇಳಬೇಕಾದವಳು ಡೆಲ್ಫೀನ. ನೀರಿಗೆ ತೀರ ಹತ್ತಿರ ಇರುವುದು ಅವಳ ಅಮ್ಮನ ಮನೆ, ಅದರ ಬೆನ್ನಿಗೆ ನಮ್ಮೆಲ್ಲರ ಮನೆಗಳು.

"ನೋಡ್ತಾ ಇರಿ, ಕಲ್ಲು ಸೀದಾ ಅಮ್ಮನ ಬಾಗಿಲಿಗೇ ಬರುತ್ತೆ," ಅಂದ ಎಸ್ತಪ್ಪಾನ್. ದೋಣಿ ಸಂಘದ ಮುಖಂಡ ಅವನು. ಕಲ್ಲು ಬಿದ್ದರೆ ದೋಣಿ ಎಳೆದು ನಿಲ್ಲಿಸಲು ಜಾಗ ಹೋಗುತ್ತದೆಂಬ ಸಂಕಟ ಅವನದು.

ಡೆಲ್ಫೀನಳಿಗೂ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ನೀರಿನ ಸೆಳೆತ ತಿಳಿಯಲು ಅವಳು ದೂರದಲ್ಲಿ ದೋಣಿಯಿಂದ ಕಿತ್ತಳೆ ಹಣ್ಣು ತೇಲಿಬಿಟ್ಟಳು, ಒಂದೊಂದಕ್ಕೂ ಕೆಂಪು ಬಣ್ಣದ ಗುರುತು ಹಾಕಿ. ಹಣ್ಣು ಹೋಗಿ ಸೇರುವ ದಂಡೆಗೇ ಕಡಲಿನ ಹೊಡೆತ ಹೆಚ್ಚು ಎಂಬುದು ಅವಳ ಲೆಕ್ಕ. ಹೇಳಿದರೆ ಇವರು ಮುಟ್ಟದೆ ಬಿಡುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ, ಹೆತ್ತವಳಿಗೂ. ಮಾರನೆಯ ದಿನ ಹುಡುಕಿದರೆ ಹಣ್ಣುಗಳೆಲ್ಲ ತೆಕ್ಕೇಕರದ ದಂಡೆಯಲ್ಲಿದ್ದವು. ಕಲ್ಲು ಅಲ್ಲಿಗೇ ಎಂದು ಸಭೆಯಲ್ಲಿ ಹೇಳಿಬಿಟ್ಟಳು.

"ಹುಡುಗಿ ನಿಯತ್ತಿನವಳು," ಅಂದ ಎಸ್ತಪ್ಪಾನ್. ಅವನ ಬಾಯಲ್ಲಿ ಹೊಗಳಿಕೆ ಕೇಳಿ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಭಾನುವಾರ ಇಗರ್ಜಿಯಿಂದ ಬಂದು ತೆಕ್ಲಮ್ಮನ ಮನೆಯಲ್ಲಿ ಮರಗೆಣಸು, ಮೀನುಸಾರು ಉಣ್ಣುತ್ತಿದ್ದೆವು. ಪಕ್ಕದ ಮನೆಯವನೆಂದು ನನಗೂ ಎಲೆ ಹಾಕಿದ್ದಳು.

"ಇನ್ನು ನಿಂಗೆ ಭಯ ಇಲ್ಲ, ಮೋಳೇ," ಎಂದಳು ಮಗಳಿಗೆ. "ತೆಕ್ಕೇಕರದವರು ನಿಂಗೆ ಮಾಟ ಮಾಡ್ಸಿದ್ರು. ಗೊತ್ತಾಗಿದ್ದ ನಿನ್ನ ಮದುವೆ ಮುರಿದಿದ್ದು ಅವರಿಗೆ ಸಾಲ್ದು ಅಂತ ಕಾಣುತ್ತೆ. ಸಭೆಗೆ ಮುಂಚೆ ಒಂದಿನ ಬೆಳಗಾಗೋದ್ರಲ್ಲಿ ನಮ್ಮ ಬಾಗಿಲ ತುಂಬಾ ಕೆಂಪು ಹಚ್ಚಿದ ಹಣ್ಣು! ಮೀನುಬುಟ್ಟಿಲಿ ತುಂಬಿ ಅವರ ದಂಡೆಗೇ ಸುರಿದು ಬಂದೆ."

ಡೆಲ್ಫೀನ ತುತ್ತು ಕೆಳಗಿಟ್ಟಳು. "ಅಮ್ಮಚ್ಚೀ, ಅವು ನನ್ನ ಹಣ್ಣು."

"ನಿನ್ನವಾ? ಹೆತ್ತವಳಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಡೆಲ್ಫೀನ ಮತ್ತೆ ಸಭೆ ಕರೆದು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು, ಕಲ್ಲು ಪೊಳಿಕ್ಕರಕ್ಕೇ ಬೇಕು ಎಂದಳು. ಜನ ಬಿದ್ದು ಬಿದ್ದು ನಕ್ಕರು.

"ಹಾಗಾದ್ರೆ ನೀವೇ ಕಾಯಿರಿ," ಎಂದು ಹೊಸ ಹಣ್ಣು ತರಿಸಿದಳು. ಎರಡೂ ದಂಡೆಯಲ್ಲಿ ಜನ ನಿಂತರು. ಕಡಲಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾದರು. ಹಣ್ಣುಗಳು ಒಂದರ ಹಿಂದೆ ಒಂದು ತೆಕ್ಲಮ್ಮನ ಅಂಗಳಕ್ಕೇ ಬಂದವು.

"ಕಡಲಿಗೂ ಟ್ಯೂಷನ್ ಹೇಳಿದ್ದಾಳೆ," ಅಂದ ಎಸ್ತಪ್ಪಾನ್. ಕಲ್ಲಿನ ಲಾರಿ ಬಂದಾಗ ದಾರಿಗೆ ದೋಣಿ ಅಡ್ಡ ಇಟ್ಟ. "ಒಬ್ಬಳ ಮನೆ ಕಾಯೋಕೆ ನಮ್ಮ ದಂಡೆ ಕೊಡಲ್ಲ."

"ಆ ಮನೆ ಹೋದ್ರೆ ಮುಂದಿನ ಮಳೆಗೆ ಈ ಓಣಿಯೇ ಹೋಗುತ್ತೆ ಚೇಟ್ಟಾ," ಎಂದು ಡೆಲ್ಫೀನ ಗೋಗರೆದಳು. ನನಗಿನ್ನೂ ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿತು. ತೆಕ್ಲಮ್ಮ ಏಣಿ ಹಾಕಿ ಮಾಡು ಹತ್ತಿ, ಹೆಂಚು ಕಿತ್ತು ಕೆಳಗೆ ಎಸೆಯುತ್ತಿದ್ದಳು.

"ಚೇಚ್ಚೀ, ತಲೆ ಕೆಟ್ಟಿದೆಯಾ?" ಎಂದು ಕೂಗುತ್ತ ಓಡಿದೆ.

"ಬಾಯಿ ಮುಚ್ಚಿ ಹೆಂಚು ಹಿಡಿಯೋ!" ಎಂದು ಗದರಿ, ಎಸ್ತಪ್ಪಾನ್ ಕಡೆ ತಿರುಗಿದಳು. "ನನ್ನ ಮನೆ ಕಾಯೋಕೆ ಅಂದ್ಯಲ್ಲ? ಸಂಜೆಯೊಳಗೆ ಮನೆನೇ ಇರಲ್ಲ. ಆಗಲಾದ್ರೂ ನನ್ನ ಮಗಳ ಮಾತು ಕೇಳ್ತೀಯಾ?"

ಎಸ್ತಪ್ಪಾನ್ ಇದರಲ್ಲೂ ಏನಾದರೂ ಒಳಸಂಚು ಇದೆಯೇ ಎಂದು ಮನೆಯನ್ನೊಂದು ಸುತ್ತು ಬಂದು ನೋಡಿದ. ಆಮೇಲೆ ಹೋಗಿ ದೋಣಿ ಸರಿಸಿದ.

ಡೆಲ್ಫೀನ ಏಣಿಯ ಬುಡದಲ್ಲಿ ನಿಂತು ಅಳುತ್ತಿದ್ದಳು. ತೆಕ್ಲಮ್ಮ ಕೈಯಲ್ಲಿದ್ದ ಹೆಂಚನ್ನು ಹಾಗೇ ಹಿಡಿದುಕೊಂಡು ಮಗಳನ್ನು ನೋಡಿದಳು.

"ನೀನು ಹೇಳಿದ್ದು ನಿಜ ತಾನೇ, ಮೋಳೇ?"

"ನಿಜ, ಅಮ್ಮಚ್ಚೀ."

ತೆಕ್ಲಮ್ಮ ಆ ಹೆಂಚನ್ನೂ ಕೆಳಗೆ ಎಸೆದಳು.