ಎದೆಗಿಂತ ಮೇಲೆ ಕಾಲು

ಮೊದಲು ಶುರುವಾದದ್ದು ತುರಿಕೆ. ಎಡಗಾಲಿನ ಒಳಮಗ್ಗುಲಿಗೆ, ಹರಡಿನ ಮೇಲೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಮೀನಖಂಡದ ತುಂಬ ನೀಲಿ ನರಗಳು ಹುರಿ ಹಗ್ಗದಂತೆ ಉಬ್ಬಿದ್ದವು. ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಮಕ್ತಲ್‌ನಿಂದ ಗದ್ವಾಲ್‌ಗೆ, ಗದ್ವಾಲ್‌ನಿಂದ ಮಕ್ತಲ್‌ಗೆ, ತೆಲಂಗಾಣದ ಬಸ್ಸಿನಲ್ಲಿ ಕಂಡಕ್ಟರಾಗಿ ಹನ್ನೆರಡು ವರ್ಷ ನಿಂತ ಕಾಲು ಇದು. ಸೀಟು ತೋರಿಸುವುದು ನನ್ನ ಕೆಲಸ, ಕೂರುವುದಲ್ಲ. ಮನೆಗೆ ಬಂದು ಎಣ್ಣೆ ತಿಕ್ಕಿಕೊಂಡು, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಅದೇ ವಿಶ್ರಾಂತಿ ಎಂದುಕೊಂಡಿದ್ದೆ.

"ದುಡಿಯೋರ ಕಾಲು ಹಿಂಗ ಇರ್ತಾವ ಬಿಡವ್ವ," ಎಂದಿದ್ದರು ನಮ್ಮ ಹಿರಿಯ ಡ್ರೈವರ್. ರೋಗವನ್ನೇ ಹೊಗಳಿಬಿಟ್ಟರೆ ಆಸ್ಪತ್ರೆಗೆ ಯಾರು ಹೋಗುತ್ತಾರೆ?

ತುರಿಸಿದ ಜಾಗ ಕಪ್ಪಾಯಿತು. ಹುಣ್ಣಾಗಿ ಹಕ್ಕಳೆ ಕಟ್ಟಿತು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ ಆ ಹಕ್ಕಳೆ ಕಿತ್ತುಬಂತು.

ರಕ್ತ ಚಿಮ್ಮಿತು.

ನೋವಿರಲಿಲ್ಲ. ಹೆಚ್ಚು ಹೆದರಿಸಿದ್ದು ಅದೇ. ಬಟ್ಟೆ ಹರಿದು ಮೊಣಕಾಲ ಕೆಳಗೆ ಬಿಗಿದು ಕಟ್ಟಿದೆ, ಹಾವು ಕಚ್ಚಿದವರಿಗೆ ಕಟ್ಟುವ ಹಾಗೆ. ರಕ್ತ ಇನ್ನೂ ಜೋರಾಯಿತು. ಗಂಡ ಲಾರಿ ತೆಗೆದುಕೊಂಡು ಸೊಲ್ಲಾಪುರದ ಕಡೆ ಹೋಗಿದ್ದರು. ಮನೆಯಲ್ಲಿದ್ದವರು ಮಾವ ಒಬ್ಬರೇ. ಎಪ್ಪತ್ತು ದಾಟಿದವರು, ಆಯುಷ್ಯವೆಲ್ಲ ಕುರಿ ಕಾಯ್ದವರು. ಮದುವೆಯಾಗಿ ಬಂದಾಗಿನಿಂದ ಅವರೆದುರು ನಾನು ಕೂತವಳಲ್ಲ, ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಇಡೀ ಬಸ್ಸನ್ನು ಗದರಿಸುವವಳು ಮನೆಯೊಳಗೆ ದನಿ ಎತ್ತಿರಲಿಲ್ಲ. ಅಂದು ಕೂಗಿದೆ.

ಮಾವ ಬರುವಷ್ಟರಲ್ಲಿ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದೆ. ಆ ಕಡೆಯ ಹೆಣ್ಣುಮಗಳು ತೆಲುಗಿನಲ್ಲಿ ಹೇಳಿದಳು: ಕಟ್ಟು ಬಿಚ್ಚಿ, ಮಲಗಿ, ಕಾಲು ಎದೆಗಿಂತ ಮೇಲೆತ್ತಿ, ರಕ್ತ ಬರುವಲ್ಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಪೀಕರ್ ಹಾಕಿದ್ದೆ. ಮಾವನೂ ಕೇಳಿಸಿಕೊಂಡರು.

ನಾನು ಕಟ್ಟು ಬಿಚ್ಚಿ ಮಲಗಿದೆ. ಅವರು ನನ್ನ ಹಿಮ್ಮಡಿ ಹಿಡಿದೆತ್ತಿ ತಮ್ಮ ಹೆಗಲ ಮೇಲೆ ಇಟ್ಟುಕೊಂಡರು.

"ಬ್ಯಾಡ್ರಿ ಮಾವಾರ, ನನಗ ಪಾಪ ಹತ್ತತೈತಿ," ಎಂದು ಕಾಲು ಎಳೆದುಕೊಂಡೆ.

"ಸುಮ್ಕ ಮಲ್ಕೊ ಯವ್ವಾ. ಪಾಪ ಪುಣ್ಯ ನಮ್ಮ ದೇವ್ರು ಬೀರಪ್ಪ ನೋಡ್ಕೊಂತಾನ. ನೀ ಕಾಲು ಅಲಗಿಸಬ್ಯಾಡ."

ತಲೆಯ ರುಮಾಲು ಬಿಚ್ಚಿ ಒತ್ತಿ ಹಿಡಿದರು. ಹಿಡಿತ ಸಡಿಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಆಂಬುಲೆನ್ಸ್ ಬರುವವರೆಗೂ ಅವರು ಕಾಲು ಬಿಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸಾಯುವ ಭಯಕ್ಕಿಂತ ನಾಚಿಕೆಯೇ ದೊಡ್ಡದಾಗಿತ್ತು ಎಂದು ನೆನೆದರೆ ಈಗ ನಗು ಬರುತ್ತದೆ.

ನಾರಾಯಣಪೇಟೆಯಲ್ಲಿ ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ವೆರಿಕೋಸ್ ವೇನ್ಸ್. ರಕ್ತನಾಳದೊಳಗೆ ಒಂದೇ ಕಡೆ ತೆರೆಯುವ ವಾಲ್ವ್‌ಗಳಿರುತ್ತವಂತೆ, ಮೇಲೇರಿದ ರಕ್ತ ಮತ್ತೆ ಕೆಳಗಿಳಿಯದಂತೆ ತಡೆಯುವ ಬಾಗಿಲುಗಳು. ನನ್ನವು ಕೆಟ್ಟುಹೋಗಿದ್ದವು. ರಕ್ತ ಕಾಲಲ್ಲೇ ನಿಂತು ನಿಂತು ಚರ್ಮ ಕೊಳೆತಿತ್ತು. ನಿಂತದ್ದು ನಾನೊಬ್ಬಳೇ ಅಲ್ಲ, ರಕ್ತವೂ ನಿಂತಿತ್ತು.

ಲೇಸರ್ ಮಾಡಿಸಲು ಮಹಬೂಬ್‌ನಗರಕ್ಕೆ ಹೋದೆವು. ಕಾಲುದ್ದಕ್ಕೂ ಮರಗಟ್ಟುವ ಇಂಜೆಕ್ಷನ್ ಚುಚ್ಚಿದರು. ಕೆಟ್ಟ ನಾಳವನ್ನು ಒಳಗೇ ಸುಟ್ಟು ಮುಚ್ಚಿದರು. ಅಂದೇ ನಡೆಸಿದರು. ಬಿಗಿ ಸ್ಟಾಕಿಂಗ್ ಕೊಟ್ಟರು. ದಿನಾ ಬೆಳಿಗ್ಗೆ ಅದನ್ನು ಏರಿಸುವುದೇ ಒಂದು ಕುಸ್ತಿ.

ಹುಣ್ಣು ಮಾತ್ರ ಹಾಗೇ ಉಳಿಯಿತು. ಓಡಾಡಿ, ಆದರೆ ಸುಮ್ಮನೆ ನಿಲ್ಲಬೇಡಿ, ಮಲಗಿದಾಗ ಕಾಲು ಎದೆಗಿಂತ ಮೇಲಿರಲಿ, ಹುಣ್ಣು ಮಾಯುವವರೆಗೆ ಡ್ಯೂಟಿ ಇಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದರು. ಮೂರು ವಾರ ಕಳೆದರೂ ಹುಣ್ಣು ಒಂದಿಷ್ಟೂ ಕುಗ್ಗಲಿಲ್ಲ.

"ಕಾಲು ಮ್ಯಾಲ ಇಡ್ತೀರಿಲ್ಲೋ?" ಎಂದು ಕೇಳಿದರು ಡಾಕ್ಟರಮ್ಮ.

"ಇಡ್ತೀನ್ರಿ."

ಸುಳ್ಳು. ಮಾವ ಪಕ್ಕದಲ್ಲೇ ಇದ್ದರು. ನಮ್ಮ ಕಡೆ ಮಾವನಾದವನು ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಾನೆ, ಒಳಗಿರುವ ಸೊಸೆ ಎದ್ದು ಸೆರಗು ಸರಿಮಾಡಿಕೊಳ್ಳಲಿ ಎಂದು. ಅವರು ನೀರಿಗೆ ಬಂದರೂ ಕೆಮ್ಮು, ತಂಬಾಕಿಗೆ ಬಂದರೂ ಕೆಮ್ಮು. ಪ್ರತಿ ಸಲ ದಿಂಬಿನಿಂದ ಕಾಲಿಳಿಸಿ ಏಳುತ್ತಿದ್ದೆ. ಎದ್ದ ಮೇಲೆ ಒಂದು ಪಾತ್ರೆ, ಒಂದು ಕಸ, ಅಲ್ಲೇ ನಿಂತುಬಿಡುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಲಿ? ಅವರು ಮರ್ಯಾದೆ ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಬಲಿತದ್ದು ಹುಣ್ಣು.

ಮರುದಿನ ಮಾವ ಕೆಮ್ಮದೆ ಒಳಗೆ ಬಂದರು.

ನಾನು ಧಡಕ್ಕನೆ ಎದ್ದೆ. ಅವರು ನನ್ನತ್ತ ನೋಡಲಿಲ್ಲ. ತಾವೇ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದರು. ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ಆವತ್ತ ನಾ ಎತ್ತಿ ಹಿಡದ ಕಾಲು ಅದು. ಇನ್ನ ನನ್ನ ಸಲುವಾಗಿ ಕೆಳಗ ಇಳಸಬ್ಯಾಡ."

ಹೊರಗೆ ಹೋದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಕಾಲನ್ನು ಮತ್ತೆ ದಿಂಬಿನ ಮೇಲೆ ಇಟ್ಟುಕೊಂಡೇ ಅತ್ತೆ.

ಹುಣ್ಣು ಈಗ ಬಟಾಣಿ ಕಾಳಿನಷ್ಟಿದೆ. ಇನ್ನೊಂದು ನಾಳ ಕೆಡಬಹುದು, ಚೆಕಪ್ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರಮ್ಮ. ದಣಿವು ಹೋಗಿಲ್ಲ. ಮಾವ ಕೆಮ್ಮದೆ ಬಂದಾಗ ಇಂದಿಗೂ ಕಾಲು ತಾನಾಗಿ ಇಳಿಯಲು ನೋಡುತ್ತದೆ. ಹಲ್ಲು ಕಚ್ಚಿ ಅಲ್ಲೇ ಇಟ್ಟುಕೊಳ್ಳುತ್ತೇನೆ.