ಚಕ್ರದ ಮುಂದಿನ ಕಲ್ಲು

ನನ್ನ ಪಾಠ ಯಾರಿಗೂ ಅರ್ಥವಾಗದೆ ಹೋಗಿಲ್ಲ. ಆ ಜಂಬ ನನಗಿದೆ. ಹಾಗಾಗಿ ಅರಸೀಕೆರೆಯಿಂದ ಹಾರನಹಳ್ಳಿಗೆ ಹೊರಟ ಟೆಂಪೋ ಇಳಿಜಾರಿನಲ್ಲಿ ಪಂಕ್ಚರ್ ಆಗಿ ನಿಂತಾಗ, ಪಕ್ಕದ ಸೀಟಿನ ಕೊಬ್ಬರಿ ವ್ಯಾಪಾರಿ "ಕಾಲೇಜಲ್ಲಿ ಜೀವಕೋಶದ ಪಾಠ ಮಾಡ್ತೀನಿ ಅಂದ್ರಲ್ಲ, ಒಂದು ಹೇಳಿ ಮೇಡಂ" ಎಂದದ್ದು ನನಗೆ ಖುಷಿಯೇ ಆಯಿತು.

ಅವರ ಹೆಂಡತಿಗೆ ಬಾಯಿ ಕ್ಯಾನ್ಸರ್ ಆಗಿತ್ತಂತೆ. "ಆಸ್ಪತ್ರೇಲಿ ಕರೆಂಟು, ಅದೇ ರೇಡಿಯೇಷನ್ನು, ಕೊಡೋದು ಮುಗ್ದು ಎಷ್ಟೋ ದಿವ್ಸ ಆಯ್ತು. ಬಾಯಿ ಹುಣ್ಣು ಇನ್ನೂ ಐತೆ. ಇವಳು ಮಾತೇ ಆಡಲ್ಲ." ಅವರ ಆಚೆ, ಕಿಟಕಿ ಪಕ್ಕದಲ್ಲಿ, ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದರು.

"ಆ ಕರೆಂಟಿನಿಂದ ಡಿಎನ್ಎಗೆ ಪೆಟ್ಟು ಬಿದ್ದರೆ ಒಳ್ಳೆಯ ಕೋಶ ವಿಭಜನೆ ನಿಲ್ಲಿಸಿ ರಿಪೇರಿಗೆ ಕೂರುತ್ತೆ," ಎಂದೆ. "ರಿಪೇರಿ ಆದರಷ್ಟೇ ಸಾಲದು. ತಾನು ಹಾಕಿಕೊಂಡ ಬ್ರೇಕನ್ನು ತಾನೇ ತೆಗೀಬೇಕು. ಆಮೇಲೇ ಒಂದು ಕೋಶ ಎರಡಾಗಿ, ಬಾಯೊಳಗೆ ಹೊಸ ಪದರ ಬರೋದು. ಬರುತ್ತೆ, ಸ್ವಲ್ಪ ತಾಳಿ."

ಅಷ್ಟರಲ್ಲಿ ಡ್ರೈವರ್ ಸ್ಟೆಪ್ನಿ ಹಾಕಿ ಹತ್ತಿದ. ಎಂಜಿನ್ ಅಬ್ಬರಿಸಿತು, ಗಾಡಿ ಮಿಸುಕಲಿಲ್ಲ. ಗೇರು ನೋಡು, ಕ್ಲಚ್ಚು ನೋಡು ಅಂತ ಎಲ್ಲರೂ ಸಲಹೆ ಕೊಟ್ಟರು. ನಾನೂ ಒಂದು ಕೊಟ್ಟೆ.

ಆಕೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೆಳಗೆ ನೋಡಿದರು. ಸೆರಗು ಬಾಯಿಂದ ಜಾರಿತು.

"ಚಕ್ರದ ಮುಂದೆ ನೀನೇ ಇಟ್ಟ ಕಲ್ಲು ತೆಗಿಯೋ ಮೊದ್ಲು! ಕಣ್ಣು ಎಲ್ಲಿಟ್ಟಿದೀಯ?"

ಡ್ರೈವರ್ ತಲೆ ತಗ್ಗಿಸಿ ಇಳಿದ. ವ್ಯಾಪಾರಿಯ ಮುಖ ಅರಳಿತು. "ಬೈತಾವ್ಳೆ ಮೇಡಂ! ಎಷ್ಟು ದಿವ್ಸ ಆಗಿತ್ತು!"

ಆಕೆ ನಿಧಾನಕ್ಕೆ ಗಂಡನ ಕಡೆ ತಿರುಗಿದರು. ಅಲ್ಲಿಂದ ಹಾರನಹಳ್ಳಿಯವರೆಗೆ ಬೈಸಿಕೊಂಡದ್ದು ವ್ಯಾಪಾರಿಯೇ. ನಗು ಮಾತ್ರ ಅವರ ಮುಖದಿಂದ ಇಳಿಯಲಿಲ್ಲ.